ಪಿಸ್ಟನ್ ಮುಖ ನೋಡದೆ ಟೂಲ್ ಕೊಳ್ಳಬೇಡಿ

ಹಿಂದಿನ ಚಕ್ರದ ಹ್ಯಾಂಡ್ ಬ್ರೇಕ್ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: ಪ್ಯಾಡ್ ಬಿಚ್ಚಿಯಾಯಿತು, ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಪಿಸ್ಟನ್ ಹೊಸ ಪ್ಯಾಡ್‌ಗೆ ಜಾಗ ಬಿಟ್ಟು ಒಳಗೆ ಹೋಗುತ್ತಿಲ್ಲ, ಯಾವ ಟೂಲ್ ತರಬೇಕು? ಗಾಡಿ ಯಾವುದು, ಕೇಬಲ್ ಎಲ್ಲಿಗೆ ಹೋಗುತ್ತದೆ, ಪಿಸ್ಟನ್ ಮುಖದ ಮೇಲೆ ಏನಿದೆ ಎಂದು ಬರೆಯುವವರು ಕಡಿಮೆ. ಹಾಗಾಗಿ ಈ ಸಲ ಆ ಒಂದು ಪ್ರಶ್ನೆಗೇ ಹೆಚ್ಚು ಜಾಗ. ಜಾಕ್ ಎಲ್ಲಿ ಕೊಡಬೇಕು, ಸ್ಟ್ಯಾಂಡ್ ಯಾಕೆ ಬೇಕು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದವರು ಬ್ರೇಕ್‌ಗೆ ಕೈ ಹಾಕುವುದೇ ಬೇಡ. ಒಂದನ್ನು ಮಾತ್ರ ನೆನಪಿಸುತ್ತೇನೆ: ಈ ಕೆಲಸ ಮಾಡುವಾಗ ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟಿರಬೇಕು. ಅಂದರೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಮುಂದಿನ ಚಕ್ರಗಳಿಗೆ ನೀವು ಇಟ್ಟ ಕಲ್ಲು ಮಾತ್ರ. ಎರಡೂ ಚಕ್ರಕ್ಕೆ, ಹಿಂದೆ ಮುಂದೆ ಎರಡೂ ಕಡೆ ಇಡಿ.

ಪ್ರಶ್ನೆ: ನನ್ನದು 2012ರ ಸ್ಕೋಡಾ ಲಾರಾ. ಹಿಂದಿನ ಪ್ಯಾಡ್ ಬದಲಿಸಲು ಹೊರಟೆ. ಮುಂದಿನ ಪಿಸ್ಟನ್ ಸಿ-ಕ್ಲಾಂಪ್‌ನಲ್ಲಿ ಸುಲಭವಾಗಿ ಹೋಯಿತು, ಹಿಂದಿನದು ಕದಲುವುದಿಲ್ಲ. ಇನ್ನೂ ದೊಡ್ಡ ಕ್ಲಾಂಪ್ ತರಲೇ? ಆನ್‌ಲೈನಿನಲ್ಲಿ ಚೌಕದ ಕ್ಯೂಬ್ ಒಂದು ಅಗ್ಗಕ್ಕೆ ಸಿಗುತ್ತದೆ, ಅದು ಸಾಕೇ? (ಹಾಸನದ ಓದುಗರು)

ದೊಡ್ಡ ಕ್ಲಾಂಪ್ ತರಬೇಡಿ. ಈಗ ಹಾಕಿರುವುದನ್ನೂ ಬಿಚ್ಚಿಡಿ.

ಮುಂದಿನ ಪಿಸ್ಟನ್ ಬರೀ ಬ್ರೇಕ್ ಆಯಿಲ್ ಒತ್ತಡದಿಂದ ಕೆಲಸ ಮಾಡುವಂಥದು, ಒತ್ತಿದರೆ ಒಳಗೆ ಹೋಗುತ್ತದೆ. ಲಾರಾದ ಹಿಂದಿನ ಕ್ಯಾಲಿಪರ್, ಅಂದರೆ ಪಿಸ್ಟನ್ ಮತ್ತು ಪ್ಯಾಡ್ ಕೂರುವ ಹಿಡಿ, ಎರಡು ಕೆಲಸ ಮಾಡುತ್ತದೆ. ಪೆಡಲ್ ಒತ್ತಿದಾಗ ಆಯಿಲ್ ಒತ್ತಡ ಪಿಸ್ಟನ್ ತಳ್ಳುತ್ತದೆ; ಹ್ಯಾಂಡ್ ಬ್ರೇಕ್ ಎಳೆದಾಗ ಕ್ಯಾಲಿಪರ್ ಬೆನ್ನ ಮೇಲಿನ ಸಣ್ಣ ಲಿವರ್ ತಿರುಗಿ, ಒಳಗಿನ ಥ್ರೆಡ್ ಇರುವ ರಾಡ್ ಅದೇ ಪಿಸ್ಟನ್ನನ್ನು ತಳ್ಳುತ್ತದೆ. ಆ ರಾಡ್ ಮೇಲೆ ಒಂದು ನಟ್ ಇದೆ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಸರಿಯುತ್ತದೆ, ನಟ್ ತಾನಾಗಿ ತಿರುಗುತ್ತಾ ಅದರ ಹಿಂದೆಯೇ ಬರುತ್ತದೆ. ಹ್ಯಾಂಡ್ ಬ್ರೇಕ್ ವರ್ಷಗಟ್ಟಲೆ ಅಷ್ಟೇ ಕ್ಲಿಕ್‌ಗೆ ಹಿಡಿಯುವುದು ಈ ನಟ್‌ನಿಂದ. ನೀವು ಕ್ಲಾಂಪ್ ಹಾಕಿ ನೇರ ಒತ್ತಿದಾಗ ನಟ್‌ನ ಇಳಿಜಾರು ಮುಖ ಪಿಸ್ಟನ್ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ, ತಿರುಗಲು ಆಗುವುದಿಲ್ಲ. ಒತ್ತಿದ ಬಲವೆಲ್ಲ ರಾಡ್‌ನ ಥ್ರೆಡ್ ಮೇಲೆ, ಲಿವರ್‌ನ ಕ್ಯಾಮ್ ಮೇಲೆ ಬೀಳುತ್ತದೆ. ಇನ್ನೂ ಬಲ ಹಾಕಿದರೆ ಥ್ರೆಡ್ ಹಾಳಾಗುತ್ತದೆ. ಆಮೇಲೆ ಪಿಸ್ಟನ್ ಒಳಗೆ ಹೋದರೂ ಹೊಂದಾಣಿಕೆ ಸತ್ತಿರುತ್ತದೆ, ಹ್ಯಾಂಡ್ ಬ್ರೇಕ್ ಎಷ್ಟು ಎಳೆದರೂ ಹಿಡಿಯುವುದಿಲ್ಲ. ಆ ಕ್ಯಾಲಿಪರ್‌ಗೆ ರಿಪೇರಿ ಇಲ್ಲ, ಹೊಸದೇ ಗತಿ.

ಹಾಗಾದರೆ ಏನು ಮಾಡಬೇಕು? ಪಿಸ್ಟನ್ನನ್ನು ಒತ್ತುತ್ತಲೇ ತಿರುಗಿಸಬೇಕು. ಎರಡೂ ಒಟ್ಟಿಗೆ ಆಗಬೇಕು. ಒತ್ತಡ ಇದ್ದಾಗ ಮಾತ್ರ ನಟ್ ಪಿಸ್ಟನ್‌ಗೆ ಕಚ್ಚಿಕೊಂಡು ಅದರ ಜೊತೆ ತಿರುಗಿ ರಾಡ್ ಮೇಲೆ ಹಿಂದಕ್ಕೆ ಇಳಿಯುತ್ತದೆ. ಒತ್ತಡ ಇಲ್ಲದೆ ತಿರುಗಿಸಿದರೆ ಪಿಸ್ಟನ್ ಇದ್ದಲ್ಲೇ ಸುಮ್ಮನೆ ಸುತ್ತುತ್ತದೆ. ಅಗ್ಗದ ಕ್ಯೂಬ್‌ನ ದೋಷವೂ ಇಲ್ಲೇ ಇದೆ. ಅದರ ಆರು ಮುಖಗಳಲ್ಲಿ ಬೇರೆ ಬೇರೆ ಪಿನ್‌ಗಳಿವೆ, ರ‍್ಯಾಚೆಟ್ ಸಿಕ್ಕಿಸಿ ತಿರುಗಿಸಬಹುದು, ಆದರೆ ಒತ್ತುವುದು ನಿಮ್ಮ ಅಂಗೈ. ಅಂಗೈ ಬಲ ಸಾಲದು. ಪಿನ್ ಜಾರುತ್ತದೆ, ಪಿಸ್ಟನ್ ಮುಖದಲ್ಲಿ ಪಿನ್ ಕೂರುವ ಕಚ್ಚಿನ ಅಂಚು ತುಂಡಾಗುತ್ತದೆ, ಮತ್ತೆ ಜಾರಿದರೆ ಧೂಳು ತಡೆಯುವ ರಬ್ಬರ್ ಹರಿಯುತ್ತದೆ. ಕ್ಯೂಬ್ ಸಾಕು ಎನ್ನುವವರು ಹೊಸದಾಗಿ ನುಣ್ಣಗೆ ತಿರುಗುವ ಕ್ಯಾಲಿಪರ್ ಮೇಲಷ್ಟೇ ಬಳಸಿರುತ್ತಾರೆ. ಹತ್ತು ಮಳೆಗಾಲ ಕಂಡ ಗಾಡಿಗೆ ಅದು ಬೇಡ. ನೋಸ್ ಪ್ಲೈಯರ್‌ನ ಎರಡು ಮೂತಿ ಕಚ್ಚಿಗೆ ಕೊಟ್ಟು ತಿರುಗಿಸುವ ವಿದ್ಯೆಯಂತೂ ಇನ್ನೂ ಕೆಟ್ಟದ್ದು.

ನಿಮಗೆ ಬೇಕಾದ್ದು ಸ್ಕ್ರೂ ರಾಡ್ ಇರುವ ಪಿಸ್ಟನ್ ರಿವೈಂಡ್ ಕಿಟ್. ಸ್ಕೋಡಾ ಸೇರಿರುವ ಫೋಕ್ಸ್‌ವ್ಯಾಗನ್ ಗುಂಪಿನ ವರ್ಕ್‌ಶಾಪ್‌ಗಳಲ್ಲಿ ಇದೇ ಕೆಲಸಕ್ಕೆ 3272 ಸಂಖ್ಯೆಯ ಟೂಲ್ ಇತ್ತು. ಸಾಮಾನ್ಯ ಕಿಟ್‌ಗಳೂ ಅದೇ ರೀತಿ ಕೆಲಸ ಮಾಡುತ್ತವೆ. ಕಿಟ್‌ನಲ್ಲಿ ಕ್ಯಾಲಿಪರ್‌ನ ಎದುರು ಬದಿಗೆ ಒರಗುವ ತಟ್ಟೆ, ಅದರೊಳಗೆ ಹಾದು ಬರುವ ಸ್ಕ್ರೂ ರಾಡ್, ರಾಡ್ ತುದಿಗೆ ಸಿಕ್ಕಿಸುವ ಅಡಾಪ್ಟರ್ ಬಿಲ್ಲೆಗಳು ಇರುತ್ತವೆ. ಹಿಡಿಕೆ ತಿರುಗಿಸಿದರೆ ರಾಡ್ ಮುಂದೆ ಸರಿದು ಒತ್ತುತ್ತದೆ, ಬಿಲ್ಲೆ ತಿರುಗುತ್ತದೆ. ಕೊಳ್ಳುವಾಗ ಮೂರು ವಿಷಯ ನೋಡಿ.

ಮೊದಲನೆಯದು ಬಿಲ್ಲೆ. ಪಿಸ್ಟನ್ ಮುಖ ಒರೆಸಿ, ಕಚ್ಚುಗಳು ಎಷ್ಟು, ಒಂದರಿಂದ ಒಂದಕ್ಕೆ ಎಷ್ಟು ಅಂತರ ಎಂದು ವರ್ನಿಯರ್‌ನಲ್ಲಿ ಅಳೆದು ಬರೆದುಕೊಳ್ಳಿ. ಪಿನ್ ಕಚ್ಚಿನಲ್ಲಿ ಅಲ್ಲಾಡದೆ ಕೂರಬೇಕು. ಬೆಂಗಳೂರಿನವರು ಜೆ.ಸಿ. ರಸ್ತೆಯ ಅಂಗಡಿಗೆ ಹೋಗುವಾಗ ಪಿಸ್ಟನ್ ಮುಖದ ಫೋಟೋ ಮತ್ತು ಈ ಅಳತೆ ಎರಡನ್ನೂ ಒಯ್ಯಲಿ, ಗಾಡಿ ಹೆಸರು ಮಾತ್ರ ಹೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಎರಡನೆಯದು ರಾಡ್. ಬಲ ಥ್ರೆಡ್ ಒಂದು, ಎಡ ಥ್ರೆಡ್ ಒಂದು, ಎರಡೂ ಇರುವ ಕಿಟ್ ತೆಗೆದುಕೊಳ್ಳಿ. ಲಾರಾದಲ್ಲಿ ಎರಡೂ ಬದಿಯ ಪಿಸ್ಟನ್ ಬಲಕ್ಕೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿ ಒಳಗೆ ಹೋಗುತ್ತದೆ. ಬೇರೆ ಕೆಲವು ಕಂಪನಿಯ ಗಾಡಿಗಳಲ್ಲಿ ಒಂದು ಬದಿ ಬಲಕ್ಕೆ, ಇನ್ನೊಂದು ಬದಿ ಎಡಕ್ಕೆ. ತಪ್ಪು ದಿಕ್ಕಿಗೆ ತಿರುಗಿಸುತ್ತಾ ಹೋದರೆ ಪಿಸ್ಟನ್ ಹೊರಗೆ ಬರುತ್ತದೆ. ಮೂರನೆಯದು ಒರಗುವ ತಟ್ಟೆ. ಅದು ಕ್ಯಾಲಿಪರ್‌ನ ಎದುರು ಬದಿಯ ಬೆರಳಿನಂಥ ಚಾಚುಗಳ ಮೇಲೆ ಸಮವಾಗಿ ಕೂರದಿದ್ದರೆ ರಾಡ್ ಓರೆಯಾಗುತ್ತದೆ, ಪಿಸ್ಟನ್ ಸಿಲಿಂಡರಿನಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತದೆ.

ಇನ್ನು ಕೆಲಸದ ಕ್ರಮ. ಟೂಲ್ ಹಾಕುವ ಮುಂಚೆ ಕ್ಯಾಲಿಪರ್ ಮೇಲಿನ ಲಿವರ್ ತನ್ನ ಸ್ಟಾಪ್‌ಗೆ ಪೂರ್ತಿ ಹಿಂದೆ ಬಂದಿದೆಯೇ ನೋಡಿ. ಕೇಬಲ್ ಬಿಡಿಸಿ ಲಿವರ್ ಎಳೆದು ಬಿಟ್ಟರೆ ಸ್ಪ್ರಿಂಗ್ ಅದನ್ನು ಟಪ್ ಎಂದು ಸ್ಟಾಪ್‌ಗೆ ಬಡಿಯಬೇಕು. ನಿಧಾನ ಬಂದರೆ ಅಥವಾ ಅರ್ಧಕ್ಕೆ ನಿಂತರೆ ಲಿವರ್‌ನ ಶಾಫ್ಟ್ ಸೀಲ್ ಸೋತು ಒಳಗೆ ನೀರು ಸೇರಿ ತುಕ್ಕು ಹಿಡಿದಿದೆ. ಅಂಥ ಕ್ಯಾಲಿಪರ್‌ಗೆ ಯಾವ ಟೂಲ್ ತಂದರೂ ಪಿಸ್ಟನ್ ಒಳಗೆ ಹೋಗುವುದಿಲ್ಲ. ಹೊರಗಿನಿಂದ ಸ್ಪ್ರೇ ಹೊಡೆದರೆ ಎರಡು ವಾರ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಟೂಲ್ ಸರಿಯಿಲ್ಲ ಎಂದು ದೂರುವವರಲ್ಲಿ ಬಹಳ ಜನರ ನಿಜವಾದ ತೊಂದರೆ ಈ ಲಿವರ್.

ಕ್ಯಾಲಿಪರ್ ಹಿಂದೆ ಮುಂದೆ ಜಾರುವ ಗೈಡ್ ಪಿನ್‌ನ ಬೋಲ್ಟ್‌ಗೆ 13 ಮಿ.ಮೀ. ಸ್ಪ್ಯಾನರ್, ಪಿನ್ ಜೊತೆಗೇ ತಿರುಗದಂತೆ ಹಿಡಿಯಲು 15 ಮಿ.ಮೀ.ನ ತೆಳ್ಳನೆಯ ಓಪನ್ ಸ್ಪ್ಯಾನರ್. ದಪ್ಪ ಮೂತಿಯದು ಸಂದಿಗೆ ಹೋಗುವುದಿಲ್ಲ. ಪ್ಯಾಡ್ ಮಾತ್ರ ಬದಲಿಸುವುದಾದರೆ ಕ್ಯಾಲಿಪರನ್ನು ಹೊತ್ತಿರುವ ಬ್ರಾಕೆಟ್ ಬಿಚ್ಚುವ ಅಗತ್ಯವಿಲ್ಲ. ಡಿಸ್ಕ್ ಕೂಡ ಬದಲಿಸುವವರಿಗೆ ಒಂದು ಎಚ್ಚರಿಕೆ: ಬ್ರಾಕೆಟ್ ಬೋಲ್ಟ್ ಅಲೆನ್ ಅಲ್ಲ, ಟಾರ್ಕ್ಸ್ ಅಲ್ಲ, ಹನ್ನೆರಡು ಹಲ್ಲಿನ ಎಂ14 ಟ್ರಿಪಲ್ ಸ್ಕ್ವೇರ್. ಹತ್ತಿರದ ಅಳತೆಯ ಟಾರ್ಕ್ಸ್ ಬಿಟ್ ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಹಲ್ಲು ಸವೆದು, ಕೊನೆಗೆ ಬೋಲ್ಟ್ ತಲೆಯನ್ನು ವೆಲ್ಡಿಂಗ್ ಮಾಡಿ ತೆಗೆಯಬೇಕಾಗುತ್ತದೆ. ಬಿಟ್ ಹಾಕುವ ಮುಂಚೆ ಗುಳಿಯೊಳಗಿನ ಕೆಸರನ್ನು ಚೂಪಾದ ಕಡ್ಡಿಯಿಂದ ಪೂರ್ತಿ ಕೆದಕಿ ತೆಗೆಯಿರಿ.

ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಸಿರಿಂಜ್‌ನಲ್ಲಿ ಸ್ವಲ್ಪ ಆಯಿಲ್ ತೆಗೆದಿಡಿ. ಪಿಸ್ಟನ್ ಒಳಗೆ ಹೋದಾಗ ಮಟ್ಟ ಏರಿ ಚೆಲ್ಲುತ್ತದೆ, ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ. ಪಿಸ್ಟನ್ ಹೊರಗೆ ಕಾಣುವ ಭಾಗವನ್ನು ಬ್ರೇಕ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ, ರಬ್ಬರ್ ಅಂಚಿಗೆ ಹೊಸ ಬ್ರೇಕ್ ಆಯಿಲ್ ಒಂದು ಹನಿ ಹಚ್ಚಿ. ಈಗ ಟೂಲ್ ಕೂರಿಸಿ, ನಿಧಾನವಾಗಿ, ಕಾಲು ಸುತ್ತು ಕಾಲು ಸುತ್ತಾಗಿ ತಿರುಗಿಸಿ. ಕಣ್ಣು ರಬ್ಬರ್ ಮೇಲಿರಲಿ. ಪಿಸ್ಟನ್ ಜೊತೆ ರಬ್ಬರ್ ಕೂಡ ಹಿಂಡಿದ ಬಟ್ಟೆಯಂತೆ ಸುತ್ತಿಕೊಳ್ಳತೊಡಗಿದರೆ ತಕ್ಷಣ ನಿಲ್ಲಿಸಿ, ಮೊಂಡು ಪ್ಲಾಸ್ಟಿಕ್ ಕಡ್ಡಿಯಿಂದ ಅಂಚು ಎತ್ತಿ ಬಿಡಿಸಿ ಮುಂದುವರಿಯಿರಿ. ಏರ್ ಗನ್, ಇಂಪ್ಯಾಕ್ಟ್ ಗನ್ ಹತ್ತಿರವೂ ತರಬೇಡಿ. ಒಳಗೆ ಹೋಗಿ ನಿಂತ ಮೇಲೆ ಇನ್ನೂ ಒಂದು ಸುತ್ತು ಬಿಗಿ ಮಾಡುವ ಚಟವೂ ಬೇಡ.

ಇದೇ ಕೆಲಸ ಹೋಂಡಾ ಸಿವಿಕ್‌ನಂಥ ಗಾಡಿಯಲ್ಲಿ ಮಾಡುವವರು ಇನ್ನೊಂದು ನೋಡಬೇಕು. ಒಳಗಿನ ಪ್ಯಾಡ್‌ನ ಬೆನ್ನ ಮೇಲೆ ಸಣ್ಣ ಉಬ್ಬೊಂದಿದೆ, ಅದು ಪಿಸ್ಟನ್ ಕಚ್ಚಿನೊಳಗೆ ಕೂರಬೇಕು. ಪಿಸ್ಟನ್ ಸುತ್ತದಂತೆ ಹಿಡಿಯುವುದು ಆ ಉಬ್ಬೇ. ಕಚ್ಚು ಓರೆಯಾಗಿ ನಿಂತಿದ್ದರೆ ಪ್ಯಾಡ್ ಪಿಸ್ಟನ್ ಮೇಲೆ ವಾಲಿ ಕೂರುತ್ತದೆ, ಪೆಡಲ್ ಮೆತ್ತಗಾಗುತ್ತದೆ, ಪ್ಯಾಡ್ ಒಂದೇ ಬದಿ ಸವೆಯುತ್ತದೆ. ಪಿಸ್ಟನ್ನನ್ನು ಸ್ವಲ್ಪ ತಿರುಗಿಸಿ ಸಾಲಿಗೆ ತಂದು ನಿಲ್ಲಿಸಿ.

ಜೋಡಿಸುವಾಗ ಲಾರಾಕ್ಕೆ ಹೊಸ ಗೈಡ್ ಪಿನ್ ಬೋಲ್ಟ್ ಹಾಕಿ, 35 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಆಮೇಲೆ ಮೊದಲು ಪೆಡಲ್, ನಂತರ ಹ್ಯಾಂಡ್ ಬ್ರೇಕ್. ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಪ್ಯಾಡ್ ಡಿಸ್ಕ್‌ಗೆ ಕೂತ ಮೇಲೆ ಹ್ಯಾಂಡ್ ಬ್ರೇಕ್ ಕೆಲವು ಸಲ ಎಳೆದು ಬಿಡಿ. ಈ ಕ್ರಮ ತಲೆಕೆಳಗಾದರೆ ಹ್ಯಾಂಡ್ ಬ್ರೇಕ್ ಸಡಿಲವಾಗಿದೆ ಎಂದು ಭ್ರಮೆಯಾಗಿ ಕೇಬಲ್ ಬಿಗಿ ಮಾಡಲು ಹೋಗುತ್ತೀರಿ. ಬಿಟ್ಟಾಗ ಎರಡೂ ಬದಿಯ ಲಿವರ್ ಹಿಂದಕ್ಕೆ ಬರಬೇಕು, ಚಕ್ರ ಕೈಯಲ್ಲಿ ತಿರುಗಬೇಕು. ಸಿರಿಂಜ್‌ನಲ್ಲಿ ತೆಗೆದ ಹಳೇ ಆಯಿಲ್ ವಾಪಸ್ ಸುರಿಯಬೇಡಿ, ಮಟ್ಟ ಕಡಿಮೆಯಿದ್ದರೆ ಆಗಷ್ಟೇ ಸೀಲ್ ಒಡೆದ ಹೊಸ ಡಬ್ಬಿಯಿಂದ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿ.

ಕೊನೆಗೆ ಒಂದು ಗ್ಯಾರೇಜ್ ಮೋಸದ ಬಗ್ಗೆ ಹೇಳಲೇಬೇಕು. ಪಿಸ್ಟನ್ ಒಳಗೆ ಹೋಗದಿದ್ದಾಗ ಹೊಸ ಪ್ಯಾಡ್‌ನ ಲೈನಿಂಗ್ ಅನ್ನೇ ಗ್ರೈಂಡರ್‌ನಲ್ಲಿ ತೆಳ್ಳಗೆ ಮಾಡಿ ಕೂರಿಸಿ ಕಳಿಸುವವರಿದ್ದಾರೆ. ನೀವು ಕೊಟ್ಟ ಹಣದ ಅರ್ಧ ನೆಲದ ಮೇಲೆ ಪುಡಿಯಾಗಿ ಬಿದ್ದಿರುತ್ತದೆ, ಜಾಮ್ ಆದ ಕ್ಯಾಲಿಪರ್ ಹಾಗೇ ಉಳಿದು ಡಿಸ್ಕ್ ಸುಡುತ್ತಿರುತ್ತದೆ. ಪ್ಯಾಡ್ ಹಾಕುವಾಗ ಪಕ್ಕದಲ್ಲಿ ನಿಂತು ನೋಡಿ. ಗ್ರೈಂಡರ್ ಶಬ್ದ ಕೇಳಿದರೆ ಗಾಡಿ ವಾಪಸ್ ತನ್ನಿ.

ಪ್ರಶ್ನೆ: ನಮ್ಮ ಗಾಡಿಗೆ ಬಟನ್ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್. ಮೆಕ್ಯಾನಿಕ್ ಮೋಟರ್ ಪ್ಲಗ್ ತೆಗೆದು ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ಪಿಸ್ಟನ್ ಹಿಂದೆ ತರುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ? (ಮೈಸೂರಿನ ಓದುಗರು)

ಬೇಡ. ಮೋಟರ್ ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವುದು ಗಾಡಿಯ ಕಂಟ್ರೋಲ್ ಯೂನಿಟ್, ಮೋಟರ್ ಎಳೆಯುವ ಕರೆಂಟ್ ನೋಡಿ. ನೇರ ವೈರ್ ಕೊಟ್ಟಾಗ ಆ ಕಾವಲು ಇರುವುದಿಲ್ಲ. ನಟ್ ತುದಿಗೆ ಹೋಗಿ ಬಡಿದು ಸಿಕ್ಕಿಕೊಳ್ಳಬಹುದು, ಮೋಟರ್‌ನ ಗೇರ್ ಹಲ್ಲು ಮುರಿಯಬಹುದು, ನಟ್ ಈಗ ಎಲ್ಲಿದೆ ಎಂಬ ಲೆಕ್ಕ ಯೂನಿಟ್‌ಗೆ ತಪ್ಪಿ ಡ್ಯಾಶ್‌ನಲ್ಲಿ ದೀಪ ಉರಿಯುತ್ತದೆ. ಇಲ್ಲಿ ಬೇಕಾದ ಟೂಲ್ ಗಾಡಿಯ ಕಂಟ್ರೋಲ್ ಯೂನಿಟ್ ಜೊತೆ ಮಾತಾಡುವ ಸ್ಕ್ಯಾನರ್. ಸರ್ವಿಸ್ ಮೋಡ್‌ಗೆ ಹಾಕಿದರೆ ಮೋಟರ್ ತಾನೇ ನಟ್ಟನ್ನು ಹಿಂದೆ ಎಳೆಯುತ್ತದೆ, ಆಮೇಲೆ ಪಿಸ್ಟನ್ನನ್ನು ನೇರವಾಗಿ ಒತ್ತಬೇಕು, ತಿರುಗಿಸಬಾರದು. ಮೇಲಿನ ಲಾರಾ ಉತ್ತರ ಓದಿ ಇದಕ್ಕೂ ರಿವೈಂಡ್ ಕಿಟ್ ಹಾಕಬೇಡಿ. ಫೋಕ್ಸ್‌ವ್ಯಾಗನ್‌ನ ಬಿ6 ಪೀಳಿಗೆಯ ಪಸ್ಸಾಟ್ ಇರುವವರಿಗೆ ವಿಸಿಡಿಎಸ್ ಎಂಬ ಸ್ಕ್ಯಾನರ್ ಸಾಫ್ಟ್‌ವೇರ್‌ನಲ್ಲಿ 53ನೇ ಮಾಡ್ಯೂಲ್ (ಪಾರ್ಕಿಂಗ್ ಬ್ರೇಕ್), ಬೇಸಿಕ್ ಸೆಟ್ಟಿಂಗ್ಸ್ 007 ಬಿಚ್ಚಲು, 006 ಮುಚ್ಚಲು, 010 ಪರೀಕ್ಷೆಗೆ. ಕೆಲವು ಗಾಡಿಗಳಲ್ಲಿ ಪರದೆಯ ಮೆನುವಿನಲ್ಲೇ ಬ್ರೇಕ್ ಸರ್ವಿಸ್ ಆಯ್ಕೆ ಇರುತ್ತದೆ, ಗಾಡಿಯ ಜೊತೆ ಬಂದ ಪುಸ್ತಕ ಓದಿ. ಬ್ಯಾಟರಿ ಸೋತಿದ್ದರೆ ಚಾರ್ಜರ್ ಹಚ್ಚಿಕೊಂಡೇ ಕೆಲಸ ಶುರು ಮಾಡಿ, ಅರ್ಧದಲ್ಲಿ ವೋಲ್ಟೇಜ್ ಬಿದ್ದರೆ ಮೋಟರ್ ನಡುವೆ ನಿಲ್ಲುತ್ತದೆ. ಸ್ಕ್ಯಾನರ್ ಇಲ್ಲದ ಗ್ಯಾರೇಜ್‌ಗೆ ಈ ಗಾಡಿ ಒಯ್ಯಬೇಡಿ.

ಪ್ರಶ್ನೆ: ಹಿಂದೆ ಡಿಸ್ಕ್ ಇದೆ, ಆದರೆ ಕ್ಯಾಲಿಪರ್‌ಗೆ ಕೇಬಲ್ಲೇ ಇಲ್ಲ. ಹ್ಯಾಂಡ್ ಬ್ರೇಕ್ ಎಲ್ಲಿದೆ?

ಡಿಸ್ಕ್‌ನ ನಡುವಿನ ಟೋಪಿಯೊಳಗೆ ಸಣ್ಣ ಡ್ರಮ್ ಇದೆ, ಕೇಬಲ್ ತಟ್ಟೆಯ ಹಿಂದಿನಿಂದ ಅದಕ್ಕೆ ಹೋಗುತ್ತದೆ. ಇಲ್ಲಿ ಪಿಸ್ಟನ್ ಸಾದಾ, ಸಿ-ಕ್ಲಾಂಪ್ ಸಾಕು. ಹ್ಯಾಂಡ್ ಬ್ರೇಕ್ ಹೊಂದಿಸುವುದು ಒಳಗಿನ ಹಲ್ಲು ಚಕ್ರವನ್ನು ಸ್ಕ್ರೂ ಡ್ರೈವರ್‌ನಿಂದ ತಿರುಗಿಸಿ.

ಪ್ರಶ್ನೆ: ಸ್ವಿಫ್ಟ್‌ನ ಹಿಂದಿನ ಡ್ರಮ್‌ಗೆ ರಿವೈಂಡ್ ಕಿಟ್ ಯಾವುದು?

ಯಾವುದೂ ಅಲ್ಲ. ಸ್ಪ್ರಿಂಗ್ ಪ್ಲೈಯರ್, ಶೂ ಹಿಡಿದಿಡುವ ಸ್ಪ್ರಿಂಗ್ ಬಟ್ಟಲು ಒತ್ತುವ ಟೂಲ್, ಡ್ರಮ್ ಎಬ್ಬಿಸಲು ಎರಡು 8 ಮಿ.ಮೀ. ಬೋಲ್ಟ್. ಬೋಲ್ಟ್‌ಗಳನ್ನು ಒಂದರ ನಂತರ ಒಂದು ಸಮವಾಗಿ ಬಿಗಿ ಮಾಡಿ, ಸುತ್ತಿಗೆಯಲ್ಲಿ ಡ್ರಮ್ ಅಂಚು ಹೊಡೆಯಬೇಡಿ. ಒಂದು ಬದಿ ಮುಗಿಯುವ ತನಕ ಇನ್ನೊಂದು ಬದಿ ಬಿಚ್ಚಬೇಡಿ, ಸ್ಪ್ರಿಂಗ್ ಎಲ್ಲಿತ್ತು ಎಂದು ನೋಡಿಕೊಳ್ಳಲು ಅದು ಬೇಕು. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ರಶ್ನೆ: ಹ್ಯಾಂಡ್ ಬ್ರೇಕ್ ಸಡಿಲವಾದರೆ ಕಾರಿನೊಳಗಿನ ಹ್ಯಾಂಡ್ ಬ್ರೇಕ್ ಲಿವರ್ ಕೆಳಗಿನ ನಟ್ ಬಿಗಿ ಮಾಡಿದರೆ ಆಯಿತಲ್ಲ?

ಆಗುವುದಿಲ್ಲ. ಹಾಗೆ ಕೇಬಲ್ ಬಿಗಿಯಾಗಿ ಕ್ಯಾಲಿಪರ್ ಲಿವರ್ ಸ್ಟಾಪ್ ಬಿಟ್ಟು ನಿಂತರೆ ಒಳಗಿನ ಹೊಂದಾಣಿಕೆ ಕೆಲಸ ನಿಲ್ಲಿಸುತ್ತದೆ, ಬ್ರೇಕ್ ಸದಾ ಉಜ್ಜುತ್ತಿರುತ್ತದೆ. ಮೊದಲು ಕ್ಯಾಲಿಪರ್ ಸರಿಮಾಡಿಸಿ.

ಪ್ರಶ್ನೆ: ಗೈಡ್ ಪಿನ್‌ಗೆ ಬೇರಿಂಗ್ ಗ್ರೀಸ್ ಹಚ್ಚಬಹುದೇ?

ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಹಿಡಿದುಕೊಳ್ಳುತ್ತದೆ. ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಮಾತ್ರ.

ಪ್ರಶ್ನೆ: ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಿದ ಗಾಡಿಯ ಹ್ಯಾಂಡ್ ಬ್ರೇಕ್ ಅಂಟಿಕೊಳ್ಳುತ್ತದೆ. ಏನು ಮಾಡಲಿ?

ಅಷ್ಟು ದಿನ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಹಾಕಬೇಡಿ. ಸಮತಟ್ಟು ನೆಲದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.