ಕೆಜಿಎಫ್ 2 ಥರ ಹೊಡಿ-ಬಡಿ ಸಿನಿಮಾಗೆ ರಿವ್ಯೂ ಬರೆಯೋವಾಗ ವಿಮರ್ಶಕರ ಕಡೆ ನಿಲ್ಬೇಕಾ, ಶಿಳ್ಳೆ ಹೊಡಿಯೋ ಜನರ ಕಡೆನಾ? ಹೊಸದಾಗಿ ಪೇಜ್ ಶುರು ಮಾಡಿದೀನಿ.

ಯಾರ ಕಡೆನೂ ನಿಲ್ಬೇಡಿ, ಮೊದ್ಲು ಸಿನಿಮಾ ಪೂರ್ತಿ ನೋಡಿ. ನಗ್ಬೇಡಿ ಸ್ವಾಮಿ, ಅಷ್ಟೂ ಮಾಡದೇ ಹೋಗಿ ಕೈ ಸುಟ್ಕೊಂಡವನು ನಾನು.

2022 ಏಪ್ರಿಲ್ 14, ಗುರುವಾರ. ನಂದೂ ನಿಮ್ಮಂಥದ್ದೇ ಒಂದು ಪೇಜ್ ಇತ್ತು, ಫಾಲೋವರ್ಸ್ ಮೂರು ಸಾವಿರ ಚಿಲ್ಲರೆ, ಅದ್ರಲ್ಲೂ ಅರ್ಧ ನಮ್ಮ ಕಾಲೇಜಿನವ್ರೇ. ಒಂದು ವೆಬ್‌ಸೈಟಿನ ಎಡಿಟರ್ ಅದನ್ನ ನೋಡಿ, ಕೆಜಿಎಫ್ 2 ರಿವ್ಯೂ ಚೆನ್ನಾಗಿ ಬಂದ್ರೆ ವಾರಕ್ಕೊಂದು ಕಾಲಂ ಕೊಡ್ತೀನಿ ಅಂದಿದ್ರು. ಹಾಗಾಗಿ ಬೆಳಿಗ್ಗೆ ಆರು ಗಂಟೆ ಶೋಗೇ ಹೋದೆ, ಎಲ್ರಿಗಿಂತ ಮುಂಚೆ ನಂದೇ ಬರ್ಬೇಕು ಅಂತ.

ಈಗ ತಪ್ಪು ಎಲ್ಲಾಯ್ತು ಅಂತ ಬಿಡಿಸಿ ಹೇಳ್ತೀನಿ, ಬೋರಾದ್ರೂ ಕೇಳಿ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಕೌಂಟರ್ ಪಕ್ಕದ ಮೆಟ್ಟಿಲ ಮೇಲೆ ಕೂತು ಫೋನಲ್ಲೇ ಇಡೀ ರಿವ್ಯೂ ಟೈಪ್ ಮಾಡ್ದೆ. ಐದಕ್ಕೆ ಎರಡು ಸ್ಟಾರ್. ಸಿನಿಮಾ 2 ಗಂಟೆ 48 ನಿಮಿಷ ಅಂತ ಗೊತ್ತಿತ್ತು, ಇಂಟರ್ವಲ್‌ಗೆ ಒಂದು 15 ನಿಮಿಷ ಸೇರ್ಸಿದ್ರೆ 9:03ಕ್ಕೆ ಮುಗಿಯತ್ತೆ, 9:15ಕ್ಕೆ ಶೆಡ್ಯೂಲ್ ಮಾಡಿಟ್ರೆ ಆಫೀಸಿಗೆ ಹೋಗೋರು ಬಸ್ಸಲ್ಲಿ, ಮೆಟ್ರೋದಲ್ಲಿ ಓದ್ತಾರೆ, ಏನಾದ್ರೂ ಬದಲಾವಣೆ ಇದ್ರೆ ಹೊರಗೆ ಬಂದ ತಕ್ಷಣ ಹನ್ನೆರಡು ನಿಮಿಷದಲ್ಲಿ ತಿದ್ದಿದ್ರಾಯ್ತು. ಲೆಕ್ಕ ಪಕ್ಕಾ ಇತ್ತು. ಆದ್ರೆ ಶೋ ಆರಕ್ಕೆ ಶುರು ಆಗಿರ್ಲೇ ಇಲ್ಲ! ಕಟೌಟ್‌ಗೆ ಹಾರ, ಹಾಲು, ಪಟಾಕಿ, ತಮಟೆ ಎಲ್ಲಾ ಮುಗ್ದು ಪರದೆ ಮೇಲೆ ಬೆಳಕು ಬಿದ್ದಿದ್ದೇ 6:35ಕ್ಕೆ. ಆ ಮೂವತ್ತೈದು ನಿಮಿಷ ನಾನೂ ಹೊರಗೆ ನಿಂತು ವಿಡಿಯೋ ಮಾಡ್ತಿದ್ದೆ, ಅಂದ್ರೆ ತಡ ಆಗಿದ್ದು ನಂಗೆ ಗೊತ್ತಿತ್ತು, ಬೆರಳಲ್ಲಿ ಎಣಿಸೋವಾಗ ಮಾತ್ರ ಟಿಕೆಟ್ ಮೇಲಿದ್ದ ಟೈಮೇ ತಲೇಲಿ ಕೂತಿತ್ತು.

9:15 ಆಯ್ತು, ಸಿನಿಮಾ ಇನ್ನೂ ಓಡ್ತಿದೆ, ಫೋನ್ ಜೇಬಲ್ಲಿದೆ, ಅತ್ಲಾಗೆ ನನ್ನ ರಿವ್ಯೂ ಊರೆಲ್ಲಾ ಸುತ್ತಕ್ಕೆ ಹೊರಟಿದೆ.

ಅದ್ರಲ್ಲಿ ಏನ್ ಬರೆದಿದ್ದೆ ಗೊತ್ತಾ? "ರವೀನಾ ಟಂಡನ್ ಸುಮ್ನೆ ಶೋಪೀಸ್." "ಮೊದಲ ಭಾಗದಲ್ಲಿ ಹೀರೋ ಅಮ್ಮನಿಗೆ ಕೊಟ್ಟ ಮಾತನ್ನ ಡೈರೆಕ್ಟರ್ ಮರೆತೇಬಿಟ್ರು." ಸಿನಿಮಾ ನೋಡಿರೋರಿಗೆ ಗೊತ್ತು, ಸೆಕೆಂಡ್ ಹಾಫ್ ನಿಂತಿರೋದೇ ರವೀನಾ ಮಾಡಿರೋ ಪ್ರಧಾನಿ ರಮಿಕಾ ಸೇನ್ ಪಾತ್ರದ ಮೇಲೆ, ಕೊನೆ ಆಗೋದೇ ಆ ಅಮ್ಮನ ಮಾತಿಗೆ. ನೋಡದವ್ರಿಗೆ ಸಾರಿ, ಇಷ್ಟು ವರ್ಷ ಆಯ್ತು, ಇನ್ನೇನು ಸ್ಪಾಯ್ಲರ್.

ಮೊದಲ ಕಾಮೆಂಟ್ ಬಂದಿದ್ದು 9:19ಕ್ಕೆ. "ಸ್ವಾಮಿ, ನಾನೂ ಇದೇ ಥಿಯೇಟರಲ್ಲಿದೀನಿ, ನಿಮ್ಗೆ ಮಾತ್ರ ಹೆಂಗೆ ಸಿನಿಮಾ ಮುಗೀತು?" ಅಂತ ಒಬ್ಬ ಹುಡುಗ. ಟಿಕೆಟ್ ಫೋಟೋ ಬೇರೆ ಹಾಕಿದ್ದ. ನಾನು ಹೊರಗೆ ಬಂದು ನೋಡೋ ಹೊತ್ಗೆ ಸ್ಕ್ರೀನ್‌ಶಾಟ್ ಎಲ್ಲಾ ಫ್ಯಾನ್ ಗ್ರೂಪಲ್ಲೂ ಓಡಾಡ್ತಿತ್ತು. ಎಡಿಟರ್ ಕಡೆಯಿಂದ ಮಧ್ಯಾಹ್ನ ಒಂದೇ ಸಾಲು, "ಸದ್ಯಕ್ಕೆ ಬೇಡ ಬಿಡಿ." ಆ ಸದ್ಯ ಇನ್ನೂ ಮುಗಿದಿಲ್ಲ.

ನಿಜವಾದ ರಿವ್ಯೂ ನನ್ನ ಪಕ್ಕದ ಸೀಟಲ್ಲೇ ಇತ್ತು, ಹೊಟ್ಟೆ ಉರಿಯೋದು ಅದಕ್ಕೆ. ಒಬ್ರು ಆರೇಳು ವರ್ಷದ ಮಗನ್ನ ತೊಡೆ ಮೇಲೆ ಕೂರಿಸ್ಕೊಂಡಿದ್ರು (ಯು/ಎ ಸರ್ಟಿಫಿಕೇಟು, ಒಳಗೆ ಬಿಟ್ಟಿದ್ರು). ರಕ್ತ ಹಾರಿದಾಗೆಲ್ಲ ಅಪ್ಪ ಅಂಗೈಯಿಂದ ಹುಡುಗನ ಕಣ್ಣು ಮುಚ್ಚೋದು, ಹುಡುಗ ಬೆರಳ ಸಂದೀಲಿ ಇಣುಕೋದು. ಹೀರೋ ಆ ದೊಡ್ಡ ಮೆಷಿನ್ ಗನ್ನಲ್ಲಿ ಪೊಲೀಸ್ ಸ್ಟೇಷನ್ ಪುಡಿ ಮಾಡಿ ಕೆಂಪಗೆ ಕಾದ ನಳಿಗೇಲಿ ಸಿಗರೇಟ್ ಹಚ್ಕೊಂಡಾಗ ಅಪ್ಪನಿಗೆ ಕಣ್ಣು ಮುಚ್ಚೋದೇ ಮರೆತೋಯ್ತು, ಎರಡೂ ಕೈ ಮೇಲೆತ್ತಿ ಶಿಳ್ಳೆ. ಕೊನೇಲಿ ಅದೇ ಮನುಷ್ಯ ಮಗನ ಟೋಪಿ ತಗೊಂಡು ಕಣ್ಣು ಒರೆಸ್ಕೊತಿದ್ರು, ಹುಡುಗ "ಯಾಕಪ್ಪಾ?" ಅಂತ ಕೇಳ್ತಾನೇ ಇದ್ದ. ಇವ್ರನ್ನ ಹಿಂಸೆಗೆ ಶಿಳ್ಳೆ ಹೊಡಿಯೋ ಜನ ಅನ್ನೋಣ್ವಾ, ಅಮ್ಮನಿಗೆ ಅಳೋ ಜನ ಅನ್ನೋಣ್ವಾ?

ಅದಕ್ಕೇ ನಿಮ್ಮ ಪ್ರಶ್ನೇನೇ ಸರಿ ಇಲ್ಲ ಅಂತೀನಿ. ವಿಮರ್ಶಕರು, ಜನ ಅಂತ ಎರಡು ಪಾರ್ಟಿ ಇಲ್ಲ. ಹಿಂದಿಯಲ್ಲಿ ಮೊದಲ ದಿನವೇ 53 ಕೋಟಿ ದಾಟಿದ, ಒಟ್ಟು 1200 ಕೋಟಿ ಮೀರಿದ ಸಿನಿಮಾ ಇದು, ಅತ್ಯುತ್ತಮ ಕನ್ನಡ ಚಿತ್ರ ಅಂತ 70ನೇ ರಾಷ್ಟ್ರಪ್ರಶಸ್ತಿ ಕೊಟ್ಟವ್ರು ಮಾತ್ರ ಶಿಳ್ಳೆ ಹೊಡಿಯೋರಲ್ಲ, ಜ್ಯೂರಿ. ಇನ್ನೊಂದು ಕಡೆ, ಧೂಳೊಳಗಿನ ಕಾರ್ ಚೇಸಲ್ಲಿ ಪರದೆ ಕಪ್ಪಾಗಿ ಕಪ್ಪಾಗಿ ಬರೋವಾಗ "ಏಯ್ ಆಪರೇಟರ್!" ಅಂತ ಕಿರುಚಿದವ್ರು ಯಶ್ ಫೋಟೋ ಇರೋ ಟೀ ಶರ್ಟ್ ಹಾಕಿದವ್ರೇ. ಅದು ಬೇಕಂತ ಮಾಡಿದ ಎಡಿಟಿಂಗ್, ಉಜ್ವಲ್ ಕುಲಕರ್ಣಿ ಅಂತ ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಹುಡುಗಂದು, ನಂಗಂತೂ ಭಾರಿ ಇಷ್ಟ ಆಯ್ತು. ವಿಮರ್ಶಕರು ಬೈದಿದ್ರಲ್ಲೂ ಸುಳ್ಳೇನಿಲ್ಲ: ನಾಯಕಿ ರೀನಾ ಪಾತ್ರಕ್ಕೆ ಕೆಲಸ ಇಲ್ಲ, ರವಿ ಬಸ್ರೂರು ಹಿನ್ನೆಲೆ ಸಂಗೀತದ ನಡುವೆ ಅರ್ಧ ಡೈಲಾಗ್ ಕೇಳ್ಸಲ್ಲ. ಮೊದಲ ಭಾಗದಲ್ಲಿ ಕಥೆ ಹೇಳಿದ ಅನಂತ್ ನಾಗ್ ಇಲ್ಲದ್ದು ನಂಗೆ ಕೊನೆವರೆಗೂ ಚುಚ್ಚಿತು, ಇದ್ರಲ್ಲಿ ಕಥೆ ಹೇಳೋ ಪ್ರಕಾಶ್ ರಾಜ್ ಎಷ್ಟೇ ಚೆನ್ನಾಗಿ ಮಾಡಿರ್ಲಿ.

ಇನ್ನೊಂದು ಮಾತು. ನನ್ನ ರಿವ್ಯೂ ಕೊನೇಲಿ "ನಿಜವಾದ ಕೆಜಿಎಫ್ ಕಾರ್ಮಿಕರಿಗೆ ಇದು ಅವಮಾನ" ಅಂತಾನೂ ಗೀಚಿದ್ದೆ. ನಮ್ಮ ಸೋದರಮಾವ ಅಲ್ಲೇ, ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವ್ರು, 2001ರಲ್ಲಿ ಮುಚ್ಚೋವರೆಗೂ ಕೆಳಗೆ ಇಳೀತಿದ್ರು, ಈಗ ನಾಲ್ಕು ಮೆಟ್ಟಿಲು ಹತ್ತಿದ್ರೆ ಉಬ್ಬಸ. ಅವ್ರನ್ನ ಒಂದು ಮಾತು ಕೇಳಿರ್ಲಿಲ್ಲ ನಾನು. ಮುಂದಿನ ವಾರ ಅವ್ರೇ ಸಿನಿಮಾ ನೋಡಿ ಫೋನ್ ಮಾಡಿದ್ರು. "ನಮ್ಮೂರಲ್ಲಿ ಇಂಥವೆಲ್ಲಾ ಎಲ್ಲಿತ್ತೋ, ಬರೀ ಕಟ್ಟುಕಥೆ. ಆದ್ರೂ ಆ ಧಣಿಗಳಿಗೆ ಒದೀತಾನಲ್ಲ, ಅಲ್ಲಿ ಖುಷಿ ಆಯ್ತಪ್ಪ" ಅಂದ್ರು. ಆಮೇಲೆ ಕೆಮ್ಮು ಬಂದು ಅತ್ತೆ ಫೋನ್ ತಗೊಂಡ್ರು. ಇದಕ್ಕೆ ಎಷ್ಟು ಸ್ಟಾರ್ ಹಾಕ್ತೀರ ಹಾಕಿ.

ಶೋ ಮುಗಿಸಿ, ಮನೆಗೆ ಹೋಗಿ ಸ್ನಾನ ಮಾಡಿ ತಿಂಡಿ ತಿಂದು ಆಮೇಲೆ ಬರೀರಿ, ನೂರನೇಯವರಾಗಿ ಬಂದ್ರೂ ಪರ್ವಾಗಿಲ್ಲ. ಬೈಯೋದಿದ್ರೆ ಯಾವ ಸೀನು, ಯಾಕೆ ಅಂತ ಬೈರಿ, ಫ್ಯಾನ್ಸ್ ಗಲಾಟೆ ಮಾಡ್ತಾರೆ, ಮಾಡ್ಲಿ.

ನನ್ನ ಆ ಪೋಸ್ಟ್ ಇನ್ನೂ ಡಿಲೀಟ್ ಮಾಡಿಲ್ಲ. ಪ್ರತಿ ಏಪ್ರಿಲ್ 14ಕ್ಕೆ ಆ ಟಿಕೆಟ್ ಫೋಟೋ ಹುಡುಗ ಬಂದು "ಸ್ವಾಮಿ, ಸಿನಿಮಾ ಮುಗೀತಾ?" ಅಂತ ಕಾಮೆಂಟ್ ಹಾಕಿ ಹೋಗ್ತಾನೆ.