ನೀವು ಕೇಳಿದ್ದು: ನರದೋಷದ ಮೂತ್ರಕೋಶ, ಕೇಸ್‌ಪೇಪರ್ ಮತ್ತು ಕೋಡ್

ಪ್ರಶ್ನೆ: ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಕೋಡ್ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಒಂದು ಚಾರ್ಟ್‌ನಲ್ಲಿ, ಹಳೆಯ ಬೆನ್ನುಹುರಿ ಪೆಟ್ಟಿನಿಂದ ಎರಡೂ ಕಾಲು ಹೋಗಿವೆ, ಅದರಿಂದಲೇ ನ್ಯೂರೋಜೆನಿಕ್ ಬ್ಲ್ಯಾಡರ್ ಆಗಿದೆ ಎಂದಿತ್ತು. ನ್ಯೂರೋಜೆನಿಕ್ ಬ್ಲ್ಯಾಡರ್ (ನರದೋಷದಿಂದ ಹಿಡಿತ ತಪ್ಪಿದ ಮೂತ್ರಕೋಶ) ಎಂಬುದಕ್ಕೆ ಎನ್31.9 ಕೋಡ್ ಹಾಕಿದೆ. ಆಡಿಟ್‌ನಲ್ಲಿ ತಪ್ಪು ಎಂದರು. ಯಾಕೆ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಇಂಡೆಕ್ಸ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದ ಕೋಡ್ ಹಿಡಿದು ಅಲ್ಲೇ ನಿಂತಿರಿ. ಐಸಿಡಿ-10-ಸಿಎಂನ (ಅಮೆರಿಕದಲ್ಲಿ ಬಳಸುವ ರೋಗಗಳ ಕೋಡ್ ಪುಸ್ತಕ) ಟ್ಯಾಬ್ಯುಲರ್ ಪಟ್ಟಿಯಲ್ಲಿ, ಅಂದರೆ ಕೋಡ್‌ಗಳ ಕ್ರಮದ ಪಟ್ಟಿಯಲ್ಲಿ, ಎನ್31 ತೆರೆಯಿರಿ. ಅದರ ಕೆಳಗೇ 'ಎಕ್ಸ್‌ಕ್ಲೂಡ್ಸ್1' ಟಿಪ್ಪಣಿ ಇದೆ: ಬೆನ್ನುಹುರಿಯ ಗಾಯದಿಂದಾದ ಮೂತ್ರಕೋಶದ ತೊಂದರೆಗೆ ಜಿ95.89, ಕಾಡಾ ಇಕ್ವೈನಾ ಸಿಂಡ್ರೋಮ್‌ನಿಂದ (ಬೆನ್ನುಹುರಿಯ ತುದಿಯ ನರಗಳ ಗೊಂಚಲಿನ ತೊಂದರೆ) ಆದದ್ದಕ್ಕೆ ಜಿ83.4. ಕಾರಣ ಇವೆರಡರಲ್ಲಿ ಒಂದಾದರೆ ಅದೇ ತೊಂದರೆಗೆ ಎನ್31 ಸಾಲಿನ ಕೋಡ್ ಬರುವುದಿಲ್ಲ, ಜೊತೆಗೆ ಸೇರಿಸಲೂ ಬಾರದು. ನಿಮ್ಮ ಚಾರ್ಟ್‌ಗೆ ಜಿ95.89 ಸರಿ. ಕಾಲಿನ ಸ್ವಾಧೀನ ತಪ್ಪಿದ್ದಕ್ಕೆ, ಪೂರ್ಣವಾದರೆ ಜಿ82.21, ಅಪೂರ್ಣವಾದರೆ ಜಿ82.22, ಯಾವುದೂ ಬರೆದಿಲ್ಲವಾದರೆ ಜಿ82.20. ಹಳೆಯ ಪೆಟ್ಟಿಗೆ ಗಾಯದ ಕೋಡ್ ಕೊನೆಯಲ್ಲಿ 'ಎಸ್' ಅಕ್ಷರ ಬರುತ್ತದೆ. ಟಿ10 (ಎದೆಭಾಗದ ಬೆನ್ನುಹುರಿಯ ಹತ್ತನೆಯ) ಮಟ್ಟದಲ್ಲಿ ಹುರಿ ಪೂರ್ತಿ ಹೋಗಿದ್ದರೆ ಎಸ್24.113ಎಸ್. ಈಗ ಉಳಿದಿರುವ ತೊಂದರೆಯ ಕೋಡ್ ಮೊದಲು, ಇದು ಆಮೇಲೆ. ನಮ್ಮ ಕಡೆಯ ಡಾಕ್ಟರು 'ಡಿ10' ಎಂದು ಬರೆಯುವುದೂ ಅವರ 'ಟಿ10'ವೂ ಒಂದೇ. ಇಲ್ಲಿಯ ಕೇಸ್‌ಪೇಪರ್ ನೋಡಿ ಅಭ್ಯಾಸ ಮಾಡುವವರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ.

ಒಂದು ಎಚ್ಚರ. 'ಪೆಟ್ಟಿನಿಂದಲೇ' ಎಂಬ ಮಾತು ನಿಮ್ಮ ಚಾರ್ಟ್‌ನಲ್ಲಿದೆ, ಅದು ನಿಮ್ಮ ಅದೃಷ್ಟ. ಇಂಡೆಕ್ಸ್‌ನಲ್ಲಿ 'ವಿತ್' (ಜೊತೆಗೆ) ಎಂದು ಜೋಡಿಸಿರುವ ರೋಗಗಳನ್ನು ಬಿಟ್ಟರೆ, ಎರಡು ರೋಗಗಳ ಹೆಸರು ಪಕ್ಕಪಕ್ಕದಲ್ಲಿ ಇದ್ದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎಂದು ಕೋಡರ್ ತೀರ್ಮಾನಿಸಬಾರದು, ಡಾಕ್ಟರನ್ನು ಕೇಳಬೇಕು. ಕಾರಣ ಬೇರೆಯಾಗಿ ಎನ್31 ಬಳಸುವಾಗ, ಮೂತ್ರಕೋಶದ ಬಗೆಗೂ ಇದೇ ಮಾತು. ರಿಫ್ಲೆಕ್ಸ್ ಬಗೆಗೆ ಎನ್31.1, ಸಡಿಲಗೊಂಡ ಫ್ಲಾಸಿಡ್ ಬಗೆಗೆ ಎನ್31.2. ಯೂರೋಡೈನಮಿಕ್ಸ್ (ಮೂತ್ರಕೋಶದ ಒತ್ತಡ ಅಳೆಯುವ ಪರೀಕ್ಷೆ) ಗ್ರಾಫ್ ನೋಡಿ ನೀವೇ ಬಗೆ ಆರಿಸುವ ಹಾಗಿಲ್ಲ. ಮೂತ್ರ ಸೋರಿಕೆಯೂ ದಾಖಲಾಗಿದ್ದರೆ ಎನ್31 ಜೊತೆ ಅದಕ್ಕೆ ಬೇರೆ ಕೋಡ್ ಸೇರಿಸಿ: ಅವಸರ ಬಂದು ತಡೆಯಲಾಗದೆ ಸೋರಿದರೆ ಎನ್39.41, ತುಂಬಿ ತುಳುಕಿದರೆ ಎನ್39.490.

ಪ್ರಶ್ನೆ: ನಮ್ಮ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿದ್ದೇನೆ. ಡಾಕ್ಟರು 'ಸಕ್ಕರೆ ಕಾಯಿಲೆ, ಮೂತ್ರ ಕಟ್ಟಿದೆ, ? ನ್ಯೂರೋಜೆನಿಕ್ ಬ್ಲ್ಯಾಡರ್' ಎಂದು ಬರೆದು ಬಿಡುತ್ತಾರೆ. ಇದನ್ನು ಹೇಗೆ ತೆಗೆದುಕೊಳ್ಳಬೇಕು?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಆ ಪ್ರಶ್ನೆಚಿಹ್ನೆಯೇ ತೊಡಕು. ಅಮೆರಿಕದ ನಿಯಮದಲ್ಲಿ ಹೊರರೋಗಿಯ ಚಾರ್ಟ್‌ನ 'ಇರಬಹುದು', 'ಅನುಮಾನ' ಎಂಬುದನ್ನು ಕೋಡ್ ಮಾಡುವಂತಿಲ್ಲ. ಆಗ ಲಕ್ಷಣವೇ ಕೋಡ್ ಆಗುತ್ತದೆ, ಮೂತ್ರ ಕಟ್ಟಿದ್ದಕ್ಕೆ ಆರ್33.9. ಒಳರೋಗಿಯ ಡಿಸ್ಚಾರ್ಜ್ ಹೊತ್ತಿಗೂ ಅನುಮಾನ ಹಾಗೇ ಉಳಿದಿದ್ದರೆ ಮಾತ್ರ ರೋಗ ಇದೆಯೆಂದೇ ಕೋಡ್ ಮಾಡಬಹುದು. ಸಕ್ಕರೆಯಿಂದಾದ ಆಟೊನಾಮಿಕ್ (ಒಳಾಂಗಗಳನ್ನು ತಾನಾಗಿ ನಡೆಸುವ) ನರದೋಷಕ್ಕೆ ಇ11.43, ಮೂತ್ರಕೋಶಕ್ಕೆ ಎನ್31ರ ಕೋಡ್ ಜೊತೆಗೆ. ಆದರೆ ಮೂತ್ರಕೋಶದ ತೊಂದರೆ ಸಕ್ಕರೆಯಿಂದಲೇ ಆಯಿತು ಎಂದು ಡಾಕ್ಟರು ಬರೆದಿರಬೇಕು. ಅರವತ್ತು ದಾಟಿದ ಗಂಡಸಿಗೆ ಪ್ರಾಸ್ಟೇಟ್ ದಪ್ಪಗಾಗಿಯೂ ಮೂತ್ರ ಕಟ್ಟಬಹುದು, ಅದು ಎನ್40.1ರ ದಾರಿ.

ಡಾಕ್ಟರಿಗೆ ಚೀಟಿ ಬರೆಯುವಾಗ 'ಇದು ಡಯಾಬಿಟಿಕ್ ಬ್ಲ್ಯಾಡರ್ ತಾನೇ?' ಎಂದು ಉತ್ತರವನ್ನು ಬಾಯಿಗೆ ತುರುಕಬೇಡಿ. ಹೀಗೆ ಬರೆಯಿರಿ: 'ರೋಗಿಗೆ 11 ವರ್ಷದಿಂದ ಸಕ್ಕರೆ ಕಾಯಿಲೆ. ಮೂತ್ರ ಮಾಡಿದ ಮೇಲೂ 380 ಮಿ.ಲೀ. ಉಳಿದಿದೆ. ತಮ್ಮ ಅಭಿಪ್ರಾಯದಲ್ಲಿ ಕಾರಣವೇನು? ಸಕ್ಕರೆಯ ನರದೋಷ, ಪ್ರಾಸ್ಟೇಟ್, ಔಷಧದ ಪರಿಣಾಮ, ಬೇರೆ, ಹೇಳಲಾಗದು.' ಡಾಕ್ಟರು ಗುರುತು ಮಾಡಿ, ಸಹಿ, ತಾರೀಖು ಹಾಕಲಿ. ಕೇಸ್‌ಪೇಪರ್‌ನಲ್ಲಿ ಕಾರಣ, ಮೂತ್ರಕೋಶದ ಬಗೆ, ಉಳಿದ ಮೂತ್ರ ಎಷ್ಟು ಮಿ.ಲೀ. ಮತ್ತು ಯಾವ ರೀತಿ ಅಳೆದರು, ಕ್ಯಾತಿಟರ್‌ನ (ಮೂತ್ರ ತೆಗೆಯುವ ಕೊಳವೆ) ಬಗೆ ಮತ್ತು ಅಳತೆ, ದಿನಕ್ಕೆ ಎಷ್ಟು ಸಲ ಹಾಕಬೇಕು, ಇಷ್ಟೂ ಇದ್ದರೆ ಕ್ಲೇಮ್ ಹೊತ್ತಿಗೆ ಯಾರೂ ಫೋನ್ ಮಾಡಿ ಪೀಡಿಸುವುದಿಲ್ಲ.

ಪ್ರಶ್ನೆ: ನಮ್ಮ ಅಣ್ಣ ಬಾವಿಗೆ ಬಿದ್ದು ಡಿ4ರಲ್ಲಿ ಪೆಟ್ಟು. ಮನೆಯಲ್ಲೇ ಕ್ಯಾತಿಟರ್ ಹಾಕಿ ತೆಗೆಯುತ್ತೇವೆ. ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬಂತು, ಹಾಗಾದರೆ ಸೋಂಕೇ? ಡಾಕ್ಟರಿಗೆ ಏನು ಬರೆದುಕೊಂಡು ಹೋಗಬೇಕು?
– ಓದುಗರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ಬ್ಯಾಕ್ಟೀರಿಯಾ ಬಂದಿತೆಂದರೆ ಸೋಂಕು ಎಂದಲ್ಲ. ಕ್ಯಾತಿಟರ್ ಬಳಸುವವರ ಮೂತ್ರದಲ್ಲಿ ಅದು ಸಾಮಾನ್ಯ. ಜ್ವರ, ಚಳಿ, ಹೊಸದಾಗಿ ಸೋರಿಕೆ, ಕಾಲಿನ ಸೆಳೆತ ಹೆಚ್ಚಾಗುವುದು ಇದ್ದರೆ ಮಾತು ಬೇರೆ. ಡಾಕ್ಟರು 'ಸೋಂಕು' ಎಂದು ಬರೆದರಷ್ಟೇ ಎನ್39.0, ಬ್ಯಾಕ್ಟೀರಿಯಾ ಮಾತ್ರ ಎಂದರೆ ಆರ್82.71. ಈ ವ್ಯತ್ಯಾಸ ಮಾಡದಿದ್ದರೆ ಬೇಡದ ಆಂಟಿಬಯೋಟಿಕ್ ಹೊಟ್ಟೆ ಸೇರುತ್ತದೆ.

ಮೂರು ದಿನದ ಲೆಕ್ಕ ಬರೆಯಿರಿ: ಹೊತ್ತು, ಕುಡಿದದ್ದು, ತೆಗೆದದ್ದು, ನಡುವೆ ಸೋರಿತೇ. ಅಂದಾಜಿನಿಂದ ಬೇಡ, ಮಿ.ಲೀ. ಗೆರೆಯಿರುವ ಜಗ್‌ನಿಂದ ಅಳೆಯಿರಿ. ಸಾಮಾನ್ಯವಾಗಿ ದಿನಕ್ಕೆ 4ರಿಂದ 6 ಸಲ, ಒಮ್ಮೆಗೆ 500 ಮಿ.ಲೀ. ಮೀರದಂತೆ ನೋಡಿಕೊಳ್ಳುತ್ತಾರೆ. ಪುಸ್ತಕದಲ್ಲಿ ಪದೇ ಪದೇ 700 ಕಂಡರೆ ಡಾಕ್ಟರು ವೇಳೆ ಬದಲಿಸುತ್ತಾರೆ. ಹಾಗೆ ತುಂಬಿ ಒತ್ತಡ ಏರುತ್ತಿದ್ದರೆ ಕೊನೆಗೆ ಪೆಟ್ಟು ಕಿಡ್ನಿಗೆ.

ಇನ್ನೊಂದನ್ನು ಮನೆಯವರೆಲ್ಲ ಕಲಿತಿರಲೇಬೇಕು. ಡಿ6 ಅಥವಾ ಅದಕ್ಕಿಂತ ಮೇಲಿನ ಪೆಟ್ಟಿನಲ್ಲಿ, ಮೂತ್ರಕೋಶ ತುಂಬಿ ಕಟ್ಟಿದಾಗ ಬಿ.ಪಿ. ಇದ್ದಕ್ಕಿದ್ದಂತೆ ಏರಬಹುದು. ತಲೆ ಬಡಿಯುವ ನೋವು, ಮುಖ ಕೆಂಪಾಗಿ ಬೆವರು. ಇವರ ಬಿ.ಪಿ.ಯ ಮೇಲಿನ ಅಂಕಿ ಸಹಜವಾಗಿಯೇ 90-110 ಇರುವುದರಿಂದ 140 ಕೂಡ ಅಪಾಯದ ಸೂಚನೆ. ತಕ್ಷಣ ಎಬ್ಬಿಸಿ ಕೂರಿಸಿ, ಕಾಲು ಕೆಳಗೆ ಇಳಿಬಿಡಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಿ. ಕ್ಯಾತಿಟರ್ ಒಳಗೇ ಇದ್ದರೆ ಕೊಳವೆ ಮಡಚಿದೆಯೇ ನೋಡಿ. ಕೆಲವೇ ನಿಮಿಷದಲ್ಲಿ ಇಳಿಯದಿದ್ದರೆ ಆಸ್ಪತ್ರೆಗೆ ಓಡಿ. ಇದು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ, ಕೋಡ್ ಜಿ90.4. ಅಪರೂಪಕ್ಕೆ ನೋಡುವ ಡ್ಯೂಟಿ ಡಾಕ್ಟರಿಗೆ ಇದು ಹೊಳೆಯದೆ ಹೋಗಬಹುದು, ಅಣ್ಣನ ಫೈಲಿನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿಡಿ.

ಪ್ರಶ್ನೆ: ಸಿಪಿಟಿ (ಅಮೆರಿಕದಲ್ಲಿ ಮಾಡಿದ ಚಿಕಿತ್ಸೆ, ಪರೀಕ್ಷೆಗೆ ಹಾಕುವ ಕೋಡ್) 51701, 51702, 51798: ಯಾವಾಗ ಯಾವುದು?
– ಓದುಗರು, ಬೆಳಗಾವಿ

ಉತ್ತರ: ಕ್ಯಾತಿಟರ್ ಹಾಕಿ, ಖಾಲಿ ಮಾಡಿ, ತೆಗೆದರೆ 51701. ಒಳಗೇ ಬಿಟ್ಟರೆ 51702. ಬ್ಲ್ಯಾಡರ್ ಸ್ಕ್ಯಾನರ್‌ನಿಂದ ಉಳಿದ ಮೂತ್ರ ಅಳೆದರೆ 51798. ಕ್ಯಾತಿಟರ್ ಹಾಕಿಯೇ ಉಳಿದದ್ದನ್ನು ಅಳೆದಿದ್ದರೆ 51798 ಬಳಸಬೇಡಿ, ಅದು 51701ರಲ್ಲೇ ಬಂತು.