ಕರುಳಿನ ಉರಿಯೂತಕ್ಕೆ ರೋಗನಿರೋಧಕ ಶಕ್ತಿ ಹೆಚ್ಚಿಸಬೇಕೇ?

ಪ್ರಶ್ನೆ: ನನ್ನ ಮಗಳಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ಅವಳ ರೋಗನಿರೋಧಕ ಕೋಶಗಳೇ ದೊಡ್ಡ ಕರುಳಿಗೆ ಹಾನಿ ಮಾಡುತ್ತಿವೆ ಎಂದು ಹೇಳಿದ ವೈದ್ಯರು ಅವನ್ನು ಹತೋಟಿಯಲ್ಲಿಡುವ ಚುಚ್ಚುಮದ್ದು ಆರಂಭಿಸಲಿದ್ದಾರೆ. ಬಂಧುಗಳು ಮಾತ್ರ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಕೊಡಿ ಎನ್ನುತ್ತಿದ್ದಾರೆ. ಯಾವುದು ಸರಿ?
– ಒಬ್ಬ ತಾಯಿ

ಉತ್ತರ: ನಿಮ್ಮ ವೈದ್ಯರು ಹೇಳಿದ್ದೇ ಸರಿ. ನಿಮ್ಮ ಮಗಳಲ್ಲಿ ಕಡಿಮೆಯಾಗಿರುವುದು ರೋಗನಿರೋಧಕ ಶಕ್ತಿಯಲ್ಲ, ಅದಕ್ಕಿರಬೇಕಾದ ಕಡಿವಾಣ.

ಕರುಳಿನೊಳಗೆ ಅಸಂಖ್ಯಾತ ಬ್ಯಾಕ್ಟೀರಿಯಾಗಳಿವೆ. ಕರುಳಿನ ಗೋಡೆಯಲ್ಲಿ ಅಪಾರ ಸಂಖ್ಯೆಯ ರೋಗನಿರೋಧಕ ಕೋಶಗಳಿವೆ. ಇವೆರಡರ ನಡುವೆ ಇರುವುದು ಒಂದೇ ಸಾಲಿನ ಕೋಶಗಳ ಪೊರೆ ಮತ್ತು ಅದರ ಮೇಲಿನ ಲೋಳೆ ಮಾತ್ರ. ಆರೋಗ್ಯವಂತರಲ್ಲಿ ಈ ಪೊರೆಯನ್ನು ದಾಟಿ ಬಂದ ಬ್ಯಾಕ್ಟೀರಿಯಾಗಳನ್ನು ಮ್ಯಾಕ್ರೋಫೇಜ್ ಎಂಬ ಕೋಶಗಳು ಯಾವ ಗದ್ದಲವೂ ಇಲ್ಲದೆ ನುಂಗಿಬಿಡುತ್ತವೆ. ಅವುಗಳನ್ನು ಶಾಂತವಾಗಿಡುವ ಇಂಟರ್‌ಲ್ಯೂಕಿನ್-10 ಎಂಬ ರಾಸಾಯನಿಕ ಎಷ್ಟು ಮುಖ್ಯವೆಂದರೆ, ಅದರ ಸಂದೇಶವನ್ನು ಗ್ರಹಿಸಲಾಗದ ಆನುವಂಶಿಕ ದೋಷವಿರುವ ಶಿಶುಗಳಿಗೆ ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಕರುಳಿನ ತೀವ್ರ ಉರಿಯೂತ ಕಾಣಿಸಿಕೊಳ್ಳುತ್ತದೆ.

ಕಾಯಿಲೆಯಲ್ಲಿ ಈ ಶಾಂತಿ ಕದಡುತ್ತದೆ. ರಕ್ತದಿಂದ ಹೊಸದಾಗಿ ಬಂದ ಮಾನೋಸೈಟ್ ಎಂಬ ಬಿಳಿ ರಕ್ತಕಣಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-23ರಂಥ ಪ್ರಚೋದಕಗಳನ್ನು ಸುರಿಸುತ್ತವೆ, ಟಿ ಕೋಶಗಳೆಂಬ ಮತ್ತೊಂದು ಬಗೆಯ ರೋಗನಿರೋಧಕ ಕೋಶಗಳು ಕೆರಳುತ್ತವೆ, ಅವುಗಳ ಕರೆಗೆ ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಗುಂಪುಗುಂಪಾಗಿ ಬರುತ್ತವೆ. ಕರುಳಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಳಪೊರೆಯ ಸಣ್ಣ ಕುಳಿಗಳಲ್ಲಿ ಈ ನ್ಯೂಟ್ರೊಫಿಲ್‌ಗಳು ಕೀವಿನಂತೆ ತುಂಬಿಕೊಂಡಿರುವುದು ಕಾಣುತ್ತದೆ. ಅವು ಹೊರಹಾಕುವ ಕಿಣ್ವಗಳು ಪೊರೆಯನ್ನೇ ಕೊರೆಯುವುದರಿಂದ ಹುಣ್ಣಾಗಿ ಮಲದಲ್ಲಿ ರಕ್ತ ಬೀಳುತ್ತದೆ, ಬಿರುಕಿನ ಮೂಲಕ ಇನ್ನಷ್ಟು ಬ್ಯಾಕ್ಟೀರಿಯಾಗಳು ಒಳನುಗ್ಗಿ ಉರಿಯೂತ ಮತ್ತೆ ಹೆಚ್ಚುತ್ತದೆ. ಮಲಪರೀಕ್ಷೆಯಲ್ಲಿ ಅಳೆಯುವ ಕ್ಯಾಲ್ಪ್ರೊಟೆಕ್ಟಿನ್ ಮುಖ್ಯವಾಗಿ ಈ ನ್ಯೂಟ್ರೊಫಿಲ್‌ಗಳಲ್ಲಿರುವ ಪ್ರೋಟೀನು. ಆದ್ದರಿಂದಲೇ ಅದರ ಏರಿಳಿತವನ್ನು ವೈದ್ಯರು ಗಮನಿಸುತ್ತಾರೆ.

ಇದು ನಿಮ್ಮ ಆರೈಕೆಯ ಲೋಪದಿಂದ ಬಂದದ್ದಲ್ಲ ಎಂಬುದನ್ನು ದಯವಿಟ್ಟು ನಂಬಿ.

ಔಷಧಿಗಳು ಈ ಸರಪಳಿಯ ಒಂದೊಂದು ಕೊಂಡಿಯನ್ನು ತಡೆಯುತ್ತವೆ. ಇನ್‌ಫ್ಲಿಕ್ಸಿಮ್ಯಾಬ್ ಟಿಎನ್‌ಎಫ್‌ಅನ್ನು ಕಟ್ಟಿಹಾಕುತ್ತದೆ. ಅಮೆರಿಕದಲ್ಲಿ 1998ರಲ್ಲಿ ಮೊದಲು ಕರುಳಿನ ಇನ್ನೊಂದು ಬಗೆಯ ಉರಿಯೂತವಾದ ಕ್ರೋನ್ಸ್ ಕಾಯಿಲೆಗೆ, 2005ರಲ್ಲಿ ಅಲ್ಸರೇಟಿವ್ ಕೊಲೈಟಿಸ್‌ಗೆ ಇದಕ್ಕೆ ಅನುಮತಿ ದೊರೆಯಿತು. ವೆಡೋಲಿಝುಮ್ಯಾಬ್ ಬಿಳಿ ರಕ್ತಕಣಗಳು ರಕ್ತನಾಳದಿಂದ ಕರುಳಿನೊಳಗೆ ಇಳಿಯುವುದನ್ನೇ ತಡೆಯುತ್ತದೆ. ಹಾಗೆಂದು ಎಲ್ಲ ಪ್ರಚೋದಕಗಳೂ ಶತ್ರುಗಳಲ್ಲ: ಇಂಟರ್‌ಲ್ಯೂಕಿನ್-17ಅನ್ನು ತಡೆಯುವ ಔಷಧಿಯನ್ನು ಕ್ರೋನ್ಸ್ ರೋಗಿಗಳಿಗೆ ಕೊಟ್ಟು ನೋಡಿದಾಗ ಪ್ರಯೋಜನವಾಗಲಿಲ್ಲ, ಕೆಲವರಲ್ಲಿ ಕಾಯಿಲೆ ಉಲ್ಬಣಿಸಿತು, ಏಕೆಂದರೆ ಆ ರಾಸಾಯನಿಕ ಕರುಳಿನ ಪೊರೆಯನ್ನು ಕಾಪಾಡುವ ಕೆಲಸವನ್ನೂ ಮಾಡುತ್ತದೆ. ತಜ್ಞರು ಇಷ್ಟು ಎಚ್ಚರದಿಂದ ನಿಭಾಯಿಸುವ ವ್ಯವಸ್ಥೆಯನ್ನು ಏನಿದೆಯೆಂದೇ ತಿಳಿಯದ ಪುಡಿಯಿಂದ ಕೆದಕುವುದು ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಟಿಎನ್‌ಎಫ್ ತಡೆಯುವ ಔಷಧಿಯಾದರೆ, ಆರಂಭಿಸುವ ಮೊದಲು ಸುಪ್ತ ಕ್ಷಯರೋಗ ಮತ್ತು ಹೆಪಟೈಟಿಸ್-ಬಿ ಪರೀಕ್ಷೆಗಳನ್ನು ಮಾಡಿಸಿ, ಬಾಕಿ ಲಸಿಕೆಗಳ ಬಗ್ಗೆ ಈಗಲೇ ವಿಚಾರಿಸಿ. ರಕ್ತ ಬೀಳುವುದು ನಿಂತಿತೆಂದು ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಚಿಕಿತ್ಸೆಯ ನಡುವೆ ಜ್ವರವೋ ಬಿಡದ ಕೆಮ್ಮೋ ಕಂಡರೆ ಕಾಯದೆ ವೈದ್ಯರಿಗೆ ತೋರಿಸಿ.